ನರಗುಂದದ ಓಣಿಯಲ್ಲಿ ಒಂದು ಡಬ್ಬಿ

ಯಾರೋ ಊರೂರಲ್ಲಿ ಬಚ್ಚಿಟ್ಟ ಡಬ್ಬಿಗಳನ್ನು ಅಂತರ್ಜಾಲದ ಒಗಟು ಬಿಡಿಸಿ ಹುಡುಕುವುದು ಗೆಳೆಯ ಸುರೇಶನ ಹೊಸ ಹುಚ್ಚು. ಇವತ್ತು ಅವನ ಜಿಪಿಎಸ್ ಯಂತ್ರ ನಮ್ಮನ್ನು ನರಗುಂದದ ಕೋಟೆ ಕೆಳಗಿನ ಹಳೇ ಓಣಿಗೆ ತಂದು, ಒಂದು ಕಲ್ಲುಗೋಡೆಯ ಮುಂದೆ ನಿಲ್ಲಿಸಿತು. ಗೋಡೆಯಲ್ಲಿರುವ ಒಂದೇ ಒಂದು ಕರಿಗಲ್ಲಿನ ಹಿಂದೆ ಡಬ್ಬಿ ಇದೆ ಎಂಬುದು ಒಗಟಿನ ಉತ್ತರ. ಆದರೆ ರಂಜಾನ್ ಹಬ್ಬಕ್ಕೆಂದು ಮನೆಯವರು ಗೋಡೆಗೆಲ್ಲ ಸುಣ್ಣ ಬಳಿದಿದ್ದರು. ಎಲ್ಲ ಕಲ್ಲೂ ಬಿಳಿ! ಯಾರನ್ನಾದರೂ ಕೇಳೋಣವೆಂದರೆ, ಊರವರಿಗೆ ಗುಟ್ಟು ಬಿಟ್ಟುಕೊಡಬಾರದೆಂಬುದು ಆಟದ ನಿಯಮವಂತೆ. ಕಳ್ಳರ ಹಾಗೆ ಗೋಡೆ ತಡವುತ್ತ ನಿಂತೆವು.

"ಡಬ್ಬಿ ಹುಡಕಾಕತ್ತೀರೇನ್ರಿ?" ಎನ್ನುತ್ತ ಮನೆಯಾಕೆ ಹೊರಬಂದರು. "ಸುಣ್ಣ ಹಚ್ಚೂಮುಂದ ತಗದಿಟ್ಟಿದ್ದೆ. ಒಣಗಿದ ಮ್ಯಾಲ ಮತ್ತ ಅಲ್ಲೇ ಇಟ್ಟೇನಿ."

ಮೂಲೆಯ ಕಲ್ಲು ಸರಿಸಿ ಡಬ್ಬಿ ತೆಗೆದುಕೊಟ್ಟರು.

"ಒಳಗೇನಿದೆ ಅಂತ ನೋಡಿದಿರಾ?" ಎಂದೆ.

"ಮಂದಿ ಡಬ್ಬಿ ನಾವ್ ಹ್ಯಾಂಗ ತಗಿಯೂದ್ರಿ?"

ಹಾಗೆಂದವರು ಒಳಗೆ ಹೋಗಲಿಲ್ಲ, ನಮ್ಮ ಕೈಯನ್ನೇ ನೋಡುತ್ತ ನಿಂತರು. ಸುರೇಶ ನಿಯಮ ಮರೆತು ಡಬ್ಬಿಯನ್ನು ಅವರ ಕೈಗೇ ಕೊಟ್ಟ. ಸೆರಗಿಗೆ ಕೈ ಒರೆಸಿಕೊಂಡು ಮುಚ್ಚಳ ಹಿಡಿದವರು ತಡೆದು, ಎದುರುಮನೆಗೆ ಕೇಳುವಂತೆ ಕೂಗಿದರು:

"ಗಂಗವ್ವಾ, ಲಗೂ ಬಾ! ಡಬ್ಬಿಯವರು ಬಂದಾರ!"