ಮೇಸ್ತ್ರಮ್ಮನ ಉಗುರು

ಮೇಸ್ತ್ರಮ್ಮನ ಬಲಗೈ ಹೆಬ್ಬೆರಳಿನ ಉಗುರು ಉಳಿದ ಒಂಬತ್ತರಂತೆ ಇರಲಿಲ್ಲ. ಉದ್ದ, ದಪ್ಪ, ಅರಿಶಿನದ ಬಣ್ಣ. ಅದಕ್ಕೆ ಬ್ಲೇಡು ತಾಗಿಸುತ್ತಿರಲಿಲ್ಲ, ಬಾಗಿಲ ಕಲ್ಲಿಗೆ ತಿಕ್ಕಿ ಹದ ಮಾಡುತ್ತಿದ್ದಳು. ಹತ್ತಿ ಮೊಗ್ಗು ಸುಲಿಯಲು ಆ ಉಗುರೇ ಬೇಕು.

ನಮ್ಮ ಊರು ಗದ್ವಾಲ ಕಡೆಯ ಶಾಂತಿನಗರದ ಹತ್ತಿರ. ಇಲ್ಲಿ ಹತ್ತಿಯನ್ನು ಬೀಜಕ್ಕಾಗಿ ಬೆಳೆಯುತ್ತಾರೆ. ಸಂಜೆ ಮೊಗ್ಗನ್ನು ಉಗುರಿನಿಂದ ಸುಲಿದು ಒಳಗಿನ ಗಂಡು ಕೇಸರ ತೆಗೆಯಬೇಕು. ನಡುವಿನ ಎಳೆಗೆ ಗಾಯ ಆಗಬಾರದು. ಬೆಳಿಗ್ಗೆ ಬೇರೆ ತಳಿಯ ಹೂವು ತಂದು ಆ ಎಳೆಗೆ ಒರೆಸಬೇಕು. ಇದಕ್ಕೆ ಕ್ರಾಸಿಂಗ್ ಅನ್ನುತ್ತೇವೆ. ಹುಡುಗಿಯರ ಬೆರಳು ಸಣ್ಣ, ಇದು ಅವರದೇ ಕೆಲಸ ಎಂದು ಊರೆಲ್ಲ ನಂಬಿತ್ತು. ಮೊಗ್ಗಿನ ಕಾಲದ ಎರಡು ತಿಂಗಳು ಶಾಲೆಯಲ್ಲಿ ಹುಡುಗಿಯರ ಬೆಂಚು ಖಾಲಿ. ಆಮೇಲೆ ಪರೀಕ್ಷೆಯಲ್ಲಿ ಅವರಿಗೆ ಲೆಕ್ಕ ಬರುತ್ತಿರಲಿಲ್ಲ. ಹುಡುಗಿಯರಿಗೆ ಲೆಕ್ಕದ ತಲೆ ಇಲ್ಲ ಎಂದು ಸಾರ್ ಹೇಳಿದಾಗ ನಾನೂ ನಕ್ಕಿದ್ದೇನೆ. ಮನೆಯಲ್ಲಿ ನನ್ನ ಲೆಕ್ಕ ಮಾಡಿಕೊಡುತ್ತಿದ್ದವಳು ನನ್ನ ತಂಗಿ. ಒಂದು ದಿನವೂ ತಪ್ಪಿಸದೆ ಹೋದ ನಾನು ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟೆ.

ಆ ಹುಡುಗಿಯರನ್ನು ಒಟ್ಟುಮಾಡಿ ಆಟೋದಲ್ಲಿ ಹೊಲಕ್ಕೆ ಒಯ್ಯುತ್ತಿದ್ದವಳೇ ಮೇಸ್ತ್ರಮ್ಮ. ಎಂಟರಲ್ಲಿ, ಒಂಬತ್ತರಲ್ಲಿ ನನ್ನ ತಂಗಿಯನ್ನೂ ಒಯ್ದಿದ್ದಳು.

ತಂಗಿ ಹತ್ತಕ್ಕೆ ಬಂದಾಗ ಅಪ್ಪ ಖಡಕ್ಕಾಗಿ ಹೇಳಿಬಿಟ್ಟ. ಪಾಸಾದರೆ ಗದ್ವಾಲದಲ್ಲಿ ಇಂಟರ್ ಕಾಲೇಜು, ಫೇಲಾದರೆ ಮದುವೆ. ಗಂಡಿನ ಕಡೆಯವರು ಆಗಲೇ ಒಮ್ಮೆ ಬಂದು ಚಹಾ ಕುಡಿದು ಹೋಗಿದ್ದರು.

ಮೊಗ್ಗಿನ ಕಾಲ ಶುರುವಾಗುವ ಹಿಂದಿನ ದಿನ ಮೇಸ್ತ್ರಮ್ಮ ನಮ್ಮ ಕಟ್ಟೆಯ ಮೇಲೆ ಬಂದು ಕೂತಳು.

"ಹುಡುಗಿ ತಯಾರ್ ಅದಾಳ" ಅಂದಳು ಅವ್ವ.

"ಅಕಿ ಬ್ಯಾಡ. ಇವನ್ನ ಕಳಸು."

ನಾನು ಮಂಚದ ಮೇಲೆ ಬಿದ್ದು ಫೋನ್ ನೋಡುತ್ತಿದ್ದೆ. ಅವ್ವ ಸೆರಗು ಬಾಯಿಗಿಟ್ಟು ನಕ್ಕಳು. "ಗಂಡಹುಡುಗ ಕ್ರಾಸಿಂಗ್ ಮಾಡ್ತಾನೇನಕ್ಕಾ? ಅವನ ಬೆರಳ ನೋಡು, ಬದನಿಕಾಯಿ ಇದ್ದಂಗ ಅದಾವ."

"ಫೋನಿನಾಗ ಅಷ್ಟು ಸಣ್ಣ ಅಕ್ಷರ ಒತ್ತಾಕ ಬರ್ತೈತಿ. ಮೊಗ್ಗು ಹಿಡಿಯಾಕ ಬರಂಗಿಲ್ಲೇನು?"

ಅಪ್ಪ ಒಳಗಿನಿಂದ ಬಂದ. "ಮಂದಿ ನಗ್ತಾರ ಮೇಸ್ತ್ರಮ್ಮ."

"ನಗಲಿ ಬಿಡ್ರಿ. ನಾಕು ದಿನ ನಕ್ಕು ಸುಮ್ಮನಾಗ್ತಾರ. ಅಕಿ ಫೇಲಾದ್ರ ಹತ್ತು ವರ್ಷ ಅಳ್ತಾಳ."

ಅಪ್ಪ ಒಲ್ಲದ ಮನಸ್ಸಿನಿಂದ ಒಪ್ಪಿದ. ಹೊಲದ ಮಾಲೀಕ ತಕರಾರು ತೆಗೆದ. ಗಂಡುಹುಡುಗರು ಮೊಗ್ಗು ಹಾಳು ಮಾಡುತ್ತಾರೆ ಎಂದು ಗೊಣಗಿದ. "ಕೆಟ್ಟರ ನನ್ನ ಕೇಳ್ರಿ. ಮುಂದಿನ ವರ್ಷ ಬ್ಯಾರೆ ಮೇಸ್ತ್ರಿನ ನೋಡಿಕೊಳ್ರಿ" ಅಂದಳು ಮೇಸ್ತ್ರಮ್ಮ.

ಮೊದಲ ದಿನ ಹಾಳೇ ಮಾಡಿದೆ. ಕೇಸರದ ಜೊತೆ ನಡುವಿನ ಎಳೆಯೂ ಕಿತ್ತು ಬಂತು. ಮೇಸ್ತ್ರಮ್ಮ ಆ ಮೊಗ್ಗುಗಳನ್ನು ಉಡಿಯಲ್ಲಿ ಆರಿಸಿಕೊಂಡು ಸಂಜೆ ನನ್ನ ಮುಂದೆ ಸುರಿದಳು. ಬೈಯಲಿಲ್ಲ. "ಇವೆಲ್ಲ ಕಾಯಿ ಆಗಬೇಕಾಗಿತ್ತು. ಉಗುರ ಬಿಡು" ಅಂದಳು ಅಷ್ಟೇ.

ಹೆಬ್ಬೆರಳಿನ ಉಗುರು ಬೆಳೆಯಲು ಬಿಟ್ಟೆ. ಹೋಟೆಲಿನಲ್ಲಿ ದೋಸ್ತರು "ಬಾ ಬೇ ತಂಗೆವ್ವಾ, ಚಹಾ ಕುಡಿ" ಎಂದು ಕಾಡಿದರು. ಹತ್ತು ದಿನಕ್ಕೆ ನನಗೆ ಸಾಕಾಯಿತು. ಒಂದು ಬೆಳಿಗ್ಗೆ ಜ್ವರ ಎಂದು ಸುಳ್ಳು ಹೇಳಿ ಹೊದ್ದು ಮಲಗಿದೆ. ತಂಗಿ ಪುಸ್ತಕದ ಚೀಲ ಗೂಟಕ್ಕೆ ಹಾಕಿ, ತಲೆಗೆ ಬಟ್ಟೆ ಕಟ್ಟಿಕೊಂಡು ಹೋಗಿ ಆಟೋ ಹತ್ತಿದಳು.

"ಇಳಿ" ಎಂಬ ಮೇಸ್ತ್ರಮ್ಮನ ದನಿ ಓಣಿಯಿಂದ ಕೇಳಿತು. ಮರುಕ್ಷಣ ಆಕೆ ಒಳಗೆ ಬಂದು ನನ್ನ ಕೌದಿ ಎಳೆದಳು. ಹಣೆ ಮುಟ್ಟಿ ನೋಡಿದಳು.

"ಹೋದ ವರ್ಷ ನಿನ್ನ ತಂಗಿ ಮೈ ಸುಡತಿತ್ತು. ಆವಾಗ ಯಾರು ಬಂದ್ರು ಅಕಿ ಬದಲಿ? ಎಷ್ಟ ಸರಳ ಆತ್ ನೋಡು ನಿನಗ. ನೀ ಮಲಗಿದಿ, ಅಕಿ ಎದ್ದಳು."

ಅವತ್ತು ಆಟೋದಲ್ಲಿ ತಲೆ ಎತ್ತಲಿಲ್ಲ ನಾನು. ಮಧ್ಯಾಹ್ನ ಬೇವಿನ ಕೆಳಗೆ ರೊಟ್ಟಿ ತಿನ್ನುವಾಗ ಆಕೆಯೇ ಮಾತಾಡಿದಳು. "ನನ್ನ ಮಗಳಿಗೂ ಲೆಕ್ಕ ಬರತಿತ್ತು. ಶಾಲಿಂದ ಎಬ್ಬಿಸಿಕೊಂಡ ಬಂದಾಕಿ ನಾನಽ. ಈಗ ಅಕಿ ಮಗಳೂ ಮೊಗ್ಗ ಸುಲಿತಾಳ." ನಾನು ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ. ಕಾಲ ಮುಗಿಯುವ ಹೊತ್ತಿಗೆ ನನ್ನ ಸಾಲಿನಲ್ಲಿ ಎಲ್ಲರ ಸಾಲಿನಷ್ಟೇ ಕಾಯಿ ನಿಂತಿತ್ತು. ಮಾಲೀಕ ಬಗ್ಗಿ ಬಗ್ಗಿ ಕಾಯಿ ಎಣಿಸಿ ಮುಂದಿನ ಸಾಲಿಗೆ ಹೋದ.

ತಂಗಿ ಪಾಸಾದಳು, ಲೆಕ್ಕದಲ್ಲಿ ಶಾಲೆಗೇ ಮೊದಲು. ಮಂದಿ ನಗ್ತಾರ ಅಂದಿದ್ದ ಅಪ್ಪ ಅಂಕಪಟ್ಟಿ ಜೇಬಿನಲ್ಲಿಟ್ಟುಕೊಂಡು ಊರೆಲ್ಲ ತೋರಿಸಿದ. ಮರುವರ್ಷ ಮೇಸ್ತ್ರಮ್ಮ ಇನ್ನೂ ನಾಲ್ಕು ಮನೆಯ ಮಂಚದಿಂದ ಗಂಡುಹುಡುಗರನ್ನು ಎಬ್ಬಿಸಿದಳು.

ಹೋದ ಬೇಸಿಗೆಯಲ್ಲಿ ಮೇಸ್ತ್ರಮ್ಮ ತೀರಿಕೊಂಡಳು. ಕೊನೆಗೆ ಇದ್ದದ್ದು ಗದ್ವಾಲದ ದವಾಖಾನೆಯಲ್ಲಿ. ಅಲ್ಲಿ ನನ್ನ ತಂಗಿ ನರ್ಸ್. ಸೂಜಿ ಹಾಕಲು ತಂಗಿ ಬಂದಾಗಲೆಲ್ಲ ಪಕ್ಕದ ಹಾಸಿಗೆಯವರಿಗೆ ಹೇಳುತ್ತಿದ್ದಳಂತೆ: "ಈಕಿನ್ನ ನಾನಽ ಆಟೋದಿಂದ ಇಳಿಸೀನಿ."

ಈಗ ಆ ತಂಡಕ್ಕೆ ನಾನೇ ಮೇಸ್ತ್ರಿ. ಹೆಬ್ಬೆರಳಿನ ಉಗುರು ಇನ್ನೂ ಕತ್ತರಿಸಿಲ್ಲ, ನಗುವವರು ನಗುತ್ತಾರೆ. ಮೊಗ್ಗಿನ ಕಾಲ ಬಂದಾಗ ಮನೆ ಮನೆಗೆ ಹೋಗುತ್ತೇನೆ. ಹುಡುಗಿ ತಯಾರ್ ಅದಾಳ ಅಂತ ಅವರ ಅವ್ವ ಹೇಳುವಾಗ, ಮಂಚದ ಮೇಲೆ ಯಾರು ಮಲಗಿದ್ದಾರೆ ಎಂದು ಮೊದಲು ನೋಡುತ್ತೇನೆ.