ಹೊರಗೋಡೆಯ ಒಳಮುಖ

ಗೋಡೆಗೂ ಎರಡು ಮುಖ ಇರುತ್ತವೆ ಎಂದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ, ಅದೂ ಮಗಳ ಕಂಪ್ಯೂಟರಿನ ಮುಂದೆ ಕುಳಿತಾಗ. ಅಲ್ಲಿಯವರೆಗೆ ಗೋಡೆ ನನ್ನ ಪಾಲಿಗೆ ಬೆನ್ನು ಆನಿಸುವ ವಸ್ತುವಷ್ಟೆ. ಪತ್ರಿಕೆಯಲ್ಲಿದ್ದಾಗ ಗೋಡೆ ಕುಸಿದ ಸುದ್ದಿಗಳನ್ನು ಬೇಕಾದಷ್ಟು ಬರೆದಿದ್ದೇನೆ. ನಿಂತ ಗೋಡೆಯ ಬಗ್ಗೆ ಒಂದು ಸಾಲೂ ಬರೆದಿಲ್ಲ. ನಿಂತದ್ದು ಸುದ್ದಿಯಲ್ಲ.

ಈಗ ಬರೆಯಲು ಕಾರಣವಿದೆ. ಸುದ್ದಿಯ ಮೊದಲಲ್ಲೇ ಮುಖ್ಯ ಸಂಗತಿ ಹೇಳಿಬಿಡಬೇಕು ಎಂಬುದು ನಮ್ಮ ಕಸುಬಿನ ಶಿಸ್ತು, ಹಾಗಾಗಿ ಹೇಳುತ್ತೇನೆ: ಮಾನ್ವಿಯಲ್ಲಿ ನಾನು ಕಟ್ಟಲು ಹೊರಟ ಮನೆಯ ಉತ್ತರದ ಗೋಡೆ, ಪಕ್ಕದ ಶರಣಮ್ಮನ ಅಂಗಳದ ಬಿಸಿಲನ್ನು ಕಸಿದುಕೊಳ್ಳುವುದರಲ್ಲಿತ್ತು. ಶರಣಮ್ಮ ದೇವದುರ್ಗದ ಕಡೆಯಿಂದ ಮೆಣಸಿನಕಾಯಿ ತರಿಸಿ, ಅಂಗಳದಲ್ಲಿ ಒಣಗಿಸಿ, ಮಸಾಲೆ ಖಾರ ಕುಟ್ಟಿ ಮನೆಮನೆಗೆ ಕೊಡುವವರು. ಅವರ ಸಂಸಾರ ನಡೆಯುವುದೇ ಅದರಿಂದ. ಬಿಸಿಲು ಅವರ ಅಂಗಡಿಯ ಬಂಡವಾಳ. ನೆರಳು ಬಿದ್ದ ಮೆಣಸಿನಕಾಯಿ ಬಿಳಿಚಿಕೊಂಡು ಬೂಸಲು ಹಿಡಿಯುತ್ತದೆ.

ಮನೆ ಕಟ್ಟಿ ನೋಡು ಎಂಬ ಗಾದೆ ಈಗ ತಿರುಗಿದೆ. ಈಗ ಮೊದಲು ನೋಡುತ್ತಾರೆ, ಆಮೇಲೆ ಕಟ್ಟುತ್ತಾರೆ. ನನ್ನ ಮಗಳು ಗಿರಿಜಾ ಸಿವಿಲ್ ಎಂಜಿನಿಯರ್. ರಾಯಚೂರಿನಲ್ಲಿ ನಾವು ಬಾಡಿಗೆಗಿರುವ ಮನೆಯ ಮುಂದಿನ ಕೋಣೆಯೇ ಅವಳ ಆಫೀಸು. ಅವಳ ಸಾಫ್ಟ್‌ವೇರಿನಲ್ಲಿ ಒಂದು ಗೆರೆ ಎಳೆದರೆ ಸಾಕು, ಅದು ಗೆರೆಯಾಗಿ ಉಳಿಯುವುದಿಲ್ಲ, ಎದ್ದು ನಿಂತು ಗೋಡೆಯಾಗುತ್ತದೆ. ಕಿಟಕಿ ತಂದು ಅಂಟಿಸಿದರೆ ಅಷ್ಟು ಇಟ್ಟಿಗೆ ತಾನಾಗಿಯೇ ಸರಿದು ಜಾಗ ಬಿಡುತ್ತದೆ. ಇಟ್ಟಿಗೆ ಇಡುವ ಯಾವ ಗೌಂಡಿಯೂ ಇಷ್ಟು ಮಾತು ಕೇಳುವುದನ್ನು ನಾನು ಕಂಡಿಲ್ಲ.

ಅಲ್ಲಿನ ಗೋಡೆಗೆ ಪದರಗಳಿವೆ. ಹೊರಗಡೆ ಗಿಲಾವು, ನಡುವೆ ಇಟ್ಟಿಗೆ, ಒಳಗಡೆ ಮತ್ತೊಂದು ಗಿಲಾವು. ಹೊರಮೈಗೆ ನಾನು ಕೇಳಿದ್ದು ನಮ್ಮ ರಾಯಚೂರು ಕೋಟೆಯ ಕಲ್ಲಿನ ಹಾಗೆ ಕಾಣುವ ಕಂದುಗೆಂಪಿನ ಒರಟು ಗಿಲಾವು. ಒಳಮೈಗೆ ನುಣುಪಾದ ಬಿಳಿ. ಮಳೆ, ಬಿಸಿಲು, ಮಂದಿಯ ಕಣ್ಣು ಇಷ್ಟನ್ನೂ ತಡೆಯುವುದು ಹೊರಮೈ. ಕ್ಯಾಲೆಂಡರ್, ಕನ್ನಡಿ, ನಮ್ಮ ತಲೆಯೆಣ್ಣೆಯ ಕಲೆ ಇಷ್ಟನ್ನು ಹೊರುವುದು ಒಳಮೈ. ಗೋಡೆಗೆ ತನ್ನ ಹೊರಮೈ ಯಾವುದು, ಒಳಮೈ ಯಾವುದು ಎಂದು ಗೊತ್ತಿರಬೇಕು. ಆದರೆ ಅದನ್ನು ಹೇಳಿಕೊಡುವವರು ಗೆರೆ ಎಳೆಯುವ ನಾವು.

ನಿವೃತ್ತನಾದವನಿಗೆ ತಿದ್ದುವುದಕ್ಕೆ ಬೇರೆ ಯಾರೂ ಸಿಗದ ಕಾರಣ ನಾನು ಗಿರಿಜಾಳ ಕುರ್ಚಿಯ ಹಿಂದೆ ನಿಂತು ತಿದ್ದುತ್ತಿದ್ದೆ. ಒಂದು ಮುಂಜಾನೆ ಅವಳ ತಾಳ್ಮೆ ಮುಗಿಯಿತು.

"ಯಪ್ಪಾ, ನೀ ಹಿಂದ ನಿಂತು ಹಿಂಗ ಹೇಳಾಕತ್ತಿದ್ರ ನನ್ನ ಕೆಲಸ ಸಾಗಂಗಿಲ್ಲ. ತಗೋ, ನೀನ ಎಳಿ," ಎಂದು ಮೌಸ್ ಕೈಗಿಟ್ಟಳು. "ಹೊರಗಿನ ಗ್ವಾಡಿ ಅಷ್ಟ ಎಳಿ. ಗುಡಿ ಸುತ್ತಿದಂಗ ಸುತ್ತು. ಹಂಗ ಸುತ್ತಿದ್ರ ಹೊರಮೈ ಹೊರಗ ಬರ್ತದ. ತಿರುಗಾಮುರುಗಾ ಸುತ್ತಿದ್ರ ಒಳಗ ಬರ್ತದ."

ಇಷ್ಟು ಸ್ಪಷ್ಟವಾದ ಸೂಚನೆಯನ್ನು ಯಾವ ಸಂಪಾದಕರೂ ನನಗೆ ಕೊಟ್ಟಿರಲಿಲ್ಲ. ಮನೆಯ ಬಾಗಿಲು ಪೂರ್ವಕ್ಕೆ, ಈಶಾನ್ಯದ ಮೂಲೆಗೆ ಹತ್ತಿ. ಬಾಗಿಲಿಂದ ಹೊರಟೆ. ಪೂರ್ವದ ಗೋಡೆ ಎಳೆದೆ, ದಕ್ಷಿಣದ ಗೋಡೆ ಎಳೆದೆ, ಪಶ್ಚಿಮದ ಗೋಡೆ ಎಳೆದೆ, ಉತ್ತರಕ್ಕೆ ತಿರುಗುವ ಮೂಲೆಗೆ ಬಂದೆ. ಅಲ್ಲಿ ಬಚ್ಚಲಿನ ನೀರು ಹೊರಗೆ ಹೋಗುವ ಜಾಗವನ್ನು ಗಿರಿಜಾ ನೀಲಿ ಗೆರೆಯಲ್ಲಿ ಗುರುತಿಸಿದ್ದಳು. ನನ್ನ ಕೈ ನಿಂತಿತು. ನಾನು ನಿಲ್ಲಿಸಿದ್ದಲ್ಲ, ತಾನೇ ನಿಂತಿತು. ಮೌಸನ್ನು ಹಿಂದಕ್ಕೆ ಸರಿಸಿಕೊಂಡು ಬಾಗಿಲಿಗೆ ಬಂದು, ಆ ಕಡೆಯಿಂದ ಎಡಕ್ಕೆ ಸುತ್ತಿ, ಉತ್ತರದ ಗೋಡೆಯನ್ನು ಪೂರ್ವದಿಂದ ಎಳೆದು ನೀಲಿ ಗೆರೆಯ ಬಳಿ ಮುಟ್ಟಿಸಿದೆ. ಸುತ್ತು ಪೂರ್ಣವಾಯಿತು. ಕೈ ಮುಗಿಯುವುದೊಂದು ಬಾಕಿ.

ಈಶ್ವರನ ಗುಡಿಗೆ ಹೋಗುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಅಭಿಷೇಕದ ನೀರು ಗರ್ಭಗುಡಿಯಿಂದ ಉತ್ತರದ ಗೋಮುಖದಲ್ಲಿ ಹೊರಬರುತ್ತದೆ. ಅದನ್ನು ದಾಟಬಾರದು. ಬಲಕ್ಕೆ ಸುತ್ತುತ್ತ ಗೋಮುಖದವರೆಗೆ ಹೋಗಿ, ಅಲ್ಲಿಂದ ಹಿಂದಿರುಗಿ, ಇನ್ನೊಂದು ಕಡೆಯಿಂದ ಗೋಮುಖದವರೆಗೆ ಬಂದರೆ ಒಂದು ಪ್ರದಕ್ಷಿಣೆ. ನಮ್ಮ ಮನೆಯ ಹಿರಿಯರು ನನ್ನ ಕೈ ಹಿಡಿದು ಹೀಗೆಯೇ ಸುತ್ತಿಸಿದ್ದರು. ದೇವರನ್ನು ಸುತ್ತುವಾಗಲೂ ಪೂರ್ತಿ ಸುತ್ತಿದೆನೆಂಬ ಜಂಬ ಬರಬಾರದೆಂದು ಈ ಏರ್ಪಾಡು ಇರಬಹುದೆಂದು ಒಮ್ಮೊಮ್ಮೆ ಅನಿಸಿದ್ದುಂಟು. ಇದಕ್ಕೆ ಆಧಾರವಿಲ್ಲ, ನನ್ನ ಊಹೆ ಮಾತ್ರ.

ಗಿರಿಜಾ ಬಂದು ಚಿತ್ರವನ್ನು ಎತ್ತಿ ನಿಲ್ಲಿಸಿದಳು. ಅಷ್ಟರಲ್ಲಿ ನನ್ನ ಹೆಂಡತಿ ನೀಲಮ್ಮನೂ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು. ಪೂರ್ವ, ದಕ್ಷಿಣ, ಪಶ್ಚಿಮಗಳಲ್ಲಿ ಕೋಟೆಯ ಬಣ್ಣ ಗಂಭೀರವಾಗಿ ನಿಂತಿತ್ತು. ಉತ್ತರದ ಗೋಡೆ ಮಾತ್ರ ಹೊರಗೆ ಬೆಳ್ಳಗೆ, ಒಳಗೆ ಅಡಿಗೆಮನೆಯ ಕಡೆ ಕೆಂಪಗೆ.

"ಅಡಿಗಿಮನ್ಯಾಗ ಕೋಟಿ ಯಾಕ ಬಂತು?" ಎಂದಳು ನೀಲಮ್ಮ.

"ಎಲ್ಲಿ ತಪ್ಪಿದಿ ಯಪ್ಪಾ?"

"ಗುಡಿ ಸುತ್ತಿದಂಗ ಸುತ್ತು ಅಂದಿ. ಸುತ್ತಿದೆ."

ಗಿರಿಜಾ ನೀಲಿ ಗೆರೆಯನ್ನು ನೋಡಿದಳು, ನನ್ನನ್ನು ನೋಡಿದಳು, ಹಣೆ ಚಚ್ಚಿಕೊಂಡಳು. "ಹನುಮಪ್ಪನ ಗುಡಿ ಅಂತ ಹೇಳಬೇಕಿತ್ತು ನಾನು. ನಂದ ತಪ್ಪು."

ತಿರುಗಿಬಿದ್ದ ಗೋಡೆಯನ್ನು ಸರಿಪಡಿಸುವುದು ಕಷ್ಟವಲ್ಲವಂತೆ. ಗೋಡೆಯನ್ನು ಆರಿಸಿಕೊಂಡು ಸ್ಪೇಸ್ ಬಾರ್ ಒತ್ತಿದರೆ ಹೊರಗಿನದು ಒಳಗೆ, ಒಳಗಿನದು ಹೊರಗೆ ಆಗುತ್ತದೆ. ಅವಳು ಬೆರಳು ಇಡುವಷ್ಟರಲ್ಲಿ ಬಾಗಿಲಲ್ಲಿ ಘಾಟು ಬಂತು. ಅದರ ಹಿಂದೆ ಖಾರದ ಡಬ್ಬಿ ಹಿಡಿದ ಶರಣಮ್ಮ. ರಾಯಚೂರಿನ ಖಾಯಂ ವರ್ತನೆಯ ಮನೆಗಳಿಗೆ ಖಾರ ಕೊಟ್ಟು, ಕೊನೆಗೆ ನಮ್ಮಲ್ಲಿ ಚಹಾ ಕುಡಿದು ಮಾನ್ವಿ ಬಸ್ಸು ಹಿಡಿಯುವುದು ಅವರ ರೂಢಿ.

"ಮನಿ ಮೂಡೇತೇನ್ರಿ? ಎಲ್ಲಿ, ತೋರ್ಸ್ರಿ," ಎಂದು ಕುರ್ಚಿ ಎಳೆದುಕೊಂಡರು. ಗಿರಿಜಾ ಮನೆಯನ್ನು ಸುತ್ತ ತಿರುಗಿಸಿ ತೋರಿಸಿದಳು. ಶರಣಮ್ಮ ಬಹಳ ಹೊತ್ತು ನೋಡಿದರು.

"ಎಲ್ಲಾ ಚಲೋ ಅದ. ನನ್ನ ಮನಿ ಎಲ್ಲಿ ಅದ ಇದ್ರಾಗ?"

"ಅತ್ತಿ, ಅದು ಸೈಟಿನ ಹೊರಗ ಬರ್ತದ."

"ಹೊರಗಂದ್ರ? ನಾ ಅಲ್ಲಿ ಒಳಗ ಅದೀನಲ್ಲವಾ."

ನಾನು ಪರದೆ ನೋಡಿದೆ. ನಮ್ಮ ಹೊರಗೋಡೆಯ ಆಚೆ ಬರಿ ಬಿಳಿ. ಊರಿಲ್ಲ, ಓಣಿಯಿಲ್ಲ, ಬೇವಿನ ಮರವಿಲ್ಲ. ಪ್ರಪಂಚದಲ್ಲಿ ನಮ್ಮದೊಂದೇ ಮನೆ. ಯಾವುದೇ ತಕರಾರಿನ ವರದಿ ತಂದರೂ ಇನ್ನೊಂದು ಕಡೆಯವರ ಹೇಳಿಕೆ ಎಲ್ಲಿ ಎಂದು ಕೇಳಿ ವಾಪಸು ಕಳಿಸುತ್ತಿದ್ದವನು ನಾನು. ನನ್ನದೇ ಗೋಡೆಯ ಇನ್ನೊಂದು ಕಡೆಯವರು ನನ್ನ ಚಿತ್ರದಲ್ಲೇ ಇರಲಿಲ್ಲ. ಗಿರಿಜಾಳಿಗೆ ಹೇಳಿ ಅವರ ಮನೆ, ಅಂಗಳ, ಖಾರ ಕುಟ್ಟುವ ಒರಳು ಎಲ್ಲವನ್ನೂ ಹಾಕಿಸಿದೆ.

ಶರಣಮ್ಮನಿಗೆ ತಮ್ಮ ಅಂಗಳ ಕಂಡು ಖುಷಿಯಾಯಿತು. "ನನ್ನ ಕಡಿ ಗ್ವಾಡಿ ಬೆಳ್ಳಗ ಮಾಡೀರಲ್ಲ ಅಣ್ಣಾರ. ಮಂದಿ ಓಣಿ ಕಡಿ ಅಷ್ಟ ಬಣ್ಣ ಬಳೀತಾರ, ಬಾಜೂಕ ಹಂಗ ಬಿಡ್ತಾರ." ಅದು ತಪ್ಪಿನಿಂದ ಆದದ್ದು ಎಂದು ಹೇಳುವ ಧೈರ್ಯ ಮೂವರಲ್ಲಿ ಯಾರಿಗೂ ಬರಲಿಲ್ಲ.

ಅವರ ಮಾತು ನಿಜ. ನಮ್ಮ ಊರುಗಳ ಮನೆಗಳನ್ನು ಮುಂದಿನಿಂದ ನೋಡಿದರೆ ಮದುವೆಗೆ ಹೊರಟಂತಿರುತ್ತವೆ. ಪಕ್ಕಕ್ಕೆ ಹೋದರೆ ಇಟ್ಟಿಗೆ ಹಲ್ಲು ಕಿರಿಯುತ್ತದೆ. ಮುಂದಿನ ಗೋಡೆಯನ್ನು ದಾರಿಹೋಕರು ಒಂದು ಗಳಿಗೆ ನೋಡುತ್ತಾರೆ, ಪಕ್ಕದ ಗೋಡೆಯನ್ನು ನೆರೆಯವರು ಜೀವನಪೂರ್ತಿ ನೋಡುತ್ತಾರೆ. ನಾವು ಸಿಂಗರಿಸುವುದು ಮಾತ್ರ ದಾರಿಹೋಕರಿಗಾಗಿ. ಕೋಟೆ ಕಟ್ಟಿದವರು ಇದಕ್ಕಿಂತ ನ್ಯಾಯವಂತರು. ಶತ್ರು ಯಾವ ಕಡೆಯಿಂದ ಬರುತ್ತಾನೋ ಗೊತ್ತಿಲ್ಲವಾದ್ದರಿಂದ ಎಲ್ಲ ಕಡೆಗೂ ಒಂದೇ ಕಲ್ಲು ಇಟ್ಟರು. ಶತ್ರುವಿಗೆ ಸಿಕ್ಕ ಮರ್ಯಾದೆ ನಮ್ಮಲ್ಲಿ ನೆರೆಯವರಿಗೆ ಸಿಕ್ಕಿಲ್ಲ.

ಆ ಸಾಫ್ಟ್‌ವೇರಿನಲ್ಲಿ ಸೂರ್ಯನೂ ಇದ್ದಾನೆ ಎಂದು ಗಿರಿಜಾ ಹಿಂದೊಮ್ಮೆ ಹೇಳಿದ್ದು ನೆನಪಾಯಿತು. ಸಂಕ್ರಾಂತಿಯ ಹೊತ್ತಿನ ಬಿಸಿಲು ತೋರಿಸು ಎಂದೆ. ಹೊಸ ಮೆಣಸಿನಕಾಯಿ ಬರುವ ಕಾಲ ಅದು. ಸೂರ್ಯ ದಕ್ಷಿಣಕ್ಕೆ ವಾಲಿರುವ ಕಾಲವೂ ಹೌದು. ಅವಳು ಒತ್ತಿದಳು. ಉತ್ತರದ ಅಂಚಿಗಿದ್ದ ನಮ್ಮ ಮಹಡಿಯ ನೆರಳು ಶರಣಮ್ಮನ ಅಂಗಳಕ್ಕೆ ಇಳಿದು, ಒರಳನ್ನು ದಾಟಿ, ಅವರ ಹೊಸ್ತಿಲ ಹತ್ತಿರ ಮಲಗಿತು. ಮಧ್ಯಾಹ್ನಕ್ಕೂ ಅಂಗಳದ ಹೆಚ್ಚಿನ ಭಾಗ ಬಿಟ್ಟು ಏಳಲಿಲ್ಲ.

ಶರಣಮ್ಮ ಚಹಾದ ಬಟ್ಟಲು ಕೆಳಗಿಟ್ಟರು.

"ನಿಮ್ಮ ಜಾಗ, ನಿಮ್ಮ ಗ್ವಾಡಿ. ಕಟ್ರಿ ಅಣ್ಣಾರ. ಮೆಣಸಿನಕಾಯಿಗಿ ನಾ ಹೇಳ್ತೀನಿ, ಅಣ್ಣಾರ ಮನಿ ಆಗ್ಯಾದ, ಇನ್ನ ನೆಳ್ಳಾಗ ಒಣಗ್ರಿ ಅಂತ." ನಗುತ್ತಲೇ ಹೇಳಿ ಡಬ್ಬಿ ಎತ್ತಿಕೊಂಡು ಎದ್ದರು. ಬಸ್ಸಿಗೆ ಇನ್ನೂ ಹೊತ್ತಿತ್ತು.

ಪರದೆಯ ನೆರಳನ್ನು ನಂಬಿ ತೀರ್ಮಾನ ಮಾಡುವುದು ನನ್ನ ಅಭ್ಯಾಸಕ್ಕೆ ಒಗ್ಗಲಿಲ್ಲ. ಸ್ಥಳಕ್ಕೆ ಹೋಗದೆ ಬರೆದ ವರದಿ ವರದಿಯಲ್ಲ. ಮರುದಿನ ಮಾನ್ವಿಗೆ ಹೋದೆ. ಶರಣಮ್ಮನ ಅಂಗಳ ತುಂಬ ಕೆಂಪು ಹಾಸಿತ್ತು. ಅಂಗಳದಲ್ಲಿ ಹಿಡಿಸದ ಮೆಣಸಿನಕಾಯಿ ಗಡಿಕಲ್ಲು ದಾಟಿ ನಮ್ಮ ಸೈಟಿಗೂ ಬಂದಿತ್ತು. ಇಷ್ಟು ವರ್ಷ ಖಾಲಿ ಬಿದ್ದ ನಮ್ಮ ಜಾಗದಲ್ಲಿ ಮುಳ್ಳು ಬೆಳೆಯದೆ ಇದ್ದದ್ದು ಯಾಕೆಂದು ಆಗ ತಿಳಿಯಿತು. ಅವರು ಒಣಗಿಸುವುದಕ್ಕಾಗಿ ಗುಡಿಸುತ್ತಿದ್ದರು. ನಾನು ನಮ್ಮ ಮಹಡಿ ಬರುವ ಕಡೆ ನಿಂತು ನನ್ನ ನೆರಳನ್ನು ನೋಡಿದೆ. ಆಳೆತ್ತರದ ನನ್ನ ನೆರಳೇ ಗಡಿಕಲ್ಲನ್ನು ದಾಟಿ ಹೋಗಿತ್ತು. ಮಹಡಿಯ ಬಗ್ಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಮಹಡಿಯಲ್ಲಿ ಬರಬೇಕಿದ್ದದ್ದು ಒಂದೇ ಕೋಣೆ, ನನ್ನ ಓದುವ ಕೋಣೆ. ಉತ್ತರಕ್ಕೆ ಕಿಟಕಿ ಇಟ್ಟರೆ ದಿನವಿಡೀ ತಂಪಾದ ಬೆಳಕು ಬರುತ್ತದೆಂದು ಹಟಮಾಡಿ ಉತ್ತರದ ಅಂಚಿಗೇ ಹಾಕಿಸಿದ್ದೆ. ಸದ್ದುಗದ್ದಲದ ಆಫೀಸಿನಲ್ಲಿ ಕಾಲ ಕಳೆದವನಿಗೆ ಬಹಳ ದಿನಗಳಿಂದ ಇದ್ದ ಆಸೆ ಅದೊಂದೇ. ಅದನ್ನು ದಕ್ಷಿಣದ ಅಂಚಿಗೆ ಸರಿಸಿದರೆ ನೆರಳು ನಮ್ಮ ಮಾಳಿಗೆಯ ಮೇಲೇ ಬೀಳುತ್ತದೆ ಎಂದಳು ಗಿರಿಜಾ. ಆದರೆ ಮಾನ್ವಿಯ ಬೇಸಿಗೆಯಲ್ಲಿ ದಕ್ಷಿಣದ ಕೋಣೆ ಎಂದರೆ ರೊಟ್ಟಿ ಹಂಚು.

"ಓದೂದು ಕಡಿಮಿ, ನಿದ್ದಿ ಜಾಸ್ತಿ," ಎಂದಳು ನೀಲಮ್ಮ. "ನಿದ್ದಿಗಿ ಯಾವ ದಿಕ್ಕಾದ್ರ ಏನು."

ಕೋಣೆ ಸರಿಯಿತು. ಉತ್ತರದ ಗೋಡೆ ತಗ್ಗಿತು, ಗಡಿಯಿಂದ ಒಂದಿಷ್ಟು ಹಿಂದಕ್ಕೂ ಬಂತು. ಸಂಕ್ರಾಂತಿಯ ಸೂರ್ಯನನ್ನು ಮತ್ತೆ ಬೆಳಗಿಸಿದಾಗ ನೆರಳು ಗಡಿಯ ಹತ್ತಿರ ಸೆರಗಿನಂತೆ ಬಿದ್ದು ಒರಳಿಗಿಂತ ಬಹಳ ಈಚೆಗೇ ನಿಂತಿತು. ಇನ್ನು ಉಳಿದದ್ದು ತಿರುಗಿಬಿದ್ದ ಗೋಡೆ. ಗಿರಿಜಾ ಸ್ಪೇಸ್ ಬಾರಿನ ಮೇಲೆ ಬೆರಳಿಟ್ಟು ನನ್ನನ್ನು ನೋಡಿದಳು.

"ಅಡಿಗಿಮನಿ ಕಡಿನೂ ಬೆಳ್ಳಗ ಮಾಡು," ಎಂದೆ. "ಆಕಡಿ ಇದ್ದಂಗ ಇರ್ಲಿ."

"ಹಂಗಂದ್ರ ಈ ಗ್ವಾಡಿಗಿ ಎರಡೂ ಕಡಿ ಒಳಮೈ. ಹೊರಮೈನ ಇಲ್ಲ."

ಇಂಥ ಗೋಡೆ ಆ ಸಾಫ್ಟ್‌ವೇರಿನಲ್ಲಿ ಸಿದ್ಧವಾಗಿ ಇರಲಿಲ್ಲ. ಮಳೆ ತಡೆಯುವ ಬಿಳಿ ಬಣ್ಣದ ಪದರವೊಂದನ್ನು ಸೇರಿಸಿ ಅವಳೇ ಹೊಸದಾಗಿ ಮಾಡಿಕೊಂಡಳು. ಕಟ್ಟಡ ಶುರುವಾದ ಮೇಲೆ ಗೌಂಡಿ ಕೂಡ ಕೆಲಸದ ನಡುವೆ ಕೇಳಿದ, ಯಾರೂ ನೋಡದ ಬಾಜೂಕ ಇಷ್ಟು ನುಣುಪು ಯಾಕ್ರಿ ಎಂದು. ಯಾರೂ ನೋಡದ ಎಂಬ ಮಾತನ್ನು ನಾನು ಅಲ್ಲೇ ತಿದ್ದಿದೆ. ಅಭ್ಯಾಸ ಬಿಡುವುದಿಲ್ಲ.

ಮನೆ ಮುಗಿದು ನಾವು ಮಾನ್ವಿಗೆ ಬಂದಿದ್ದೇವೆ. ಮಹಡಿಯ ಕೋಣೆ ಹಂಚಿನಂತೆಯೇ ಕಾಯುತ್ತದೆ. ನಿದ್ದೆಯ ವಿಷಯದಲ್ಲಿ ನೀಲಮ್ಮನ ಅಂದಾಜು ತಪ್ಪು, ಅಲ್ಲಿ ಅದೂ ಬರುವುದಿಲ್ಲ. ಓದುವವರು ಪುಸ್ತಕ ಹಿಡಿದು ಕೆಳಗಿಳಿದು ಅಡಿಗೆಮನೆಯ ಕಿಟಕಿಯ ಬಳಿ ಕೂರಬೇಕು. ಮೊನ್ನೆ ಹಾಗೆ ಕುಳಿತಿದ್ದಾಗ ಗೋಡೆಗೆ ಆಚೆಯಿಂದ ಟಕಟಕ ಪೆಟ್ಟು ಬಿದ್ದವು. ಹೊಸ ಗೋಡೆ. ಎದ್ದು ಸುತ್ತಿ ಶರಣಮ್ಮನ ಅಂಗಳಕ್ಕೆ ಹೋದೆ.

ಅವರು ನಮ್ಮ ಗೋಡೆಗೆ ಮೊಳೆ ಹೊಡೆದು ಮೊರ ತೂಗುಹಾಕಿದ್ದರು, ಪಕ್ಕದಲ್ಲಿ ಜರಡಿ, ಕಿಟಕಿಯ ಸಜ್ಜೆಯ ಕೆಳಗೆ ಮಳೆ ತಾಗದಂತೆ ಕ್ಯಾಲೆಂಡರ್. ಇನ್ನೊಂದು ಮೊಳೆ ಬಾಯಲ್ಲಿತ್ತು. ಕೆಳಗೆ ಅಂಗಳದ ತುಂಬ ಬಿಸಿಲು, ಬಿಸಿಲಿನ ತುಂಬ ಮೆಣಸಿನಕಾಯಿ. ನನ್ನ ಮುಖ ಕಂಡು ಮೊಳೆಯನ್ನು ಬಾಯಿಂದ ತೆಗೆದರು.

"ಯಾಕ್ರಿ ಅಣ್ಣಾರ, ಹಂಗ ನಿಂತೀರಿ? ಒಳಗಿನ ಗ್ವಾಡಿಗಿ ಮೊಳಿ ಹೊಡ್ಯಾಕ ಯಾರ್ನ ಕೇಳಬೇಕು?"

ಇನ್ನೊಂದು ಕಡೆಯವರ ಹೇಳಿಕೆ ದಾಖಲಾಯಿತು. ಅದರಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ. ಅವರ ಕೈಯಲ್ಲಿದ್ದ ಮೊಳೆ ಸೊಟ್ಟಗಿತ್ತು. ಒಳಗೆ ಹೋಗಿ ನೆಟ್ಟಗಿದ್ದ ಒಂದನ್ನು ಹುಡುಕಿ ತಂದುಕೊಟ್ಟೆ.