ಎಣ್ಣೆ ಮಿಲ್ಲಿನಲ್ಲಿ ಚಿನ್ನದ ಲೇಪ

ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಬೀದಿಯಲ್ಲಿ ಅಮರೇಶನ ವಿಳಾಸ ಕೇಳಿದರೆ, ಚಿಕ್ಕಬಸಪ್ಪನವರ ಮಗನಾ, ಗಾಜಿಗೆ ಚಿನ್ನ ಬಳಿಯೋನಾ ಎಂಬ ಮರುಪ್ರಶ್ನೆ ಬರುತ್ತದೆ. ಆ ದನಿಯಲ್ಲಿ ಗೌರವ ಇರುತ್ತದೆ, ಜೊತೆಗೆ ಒಳ್ಳೆಯ ಮನೆತನದ ಹುಡುಗನಿಗೆ ಹೀಗೇಕಾಯಿತೋ ಎಂಬ ಕನಿಕರವೂ ಇರುತ್ತದೆ. ಅಮರೇಶ ಹುಡುಗನೇನಲ್ಲ, ನಲವತ್ತರ ಅಂಚಿಗೆ ಬಂದವನು. ಭೌತಶಾಸ್ತ್ರ ಓದಿ, ದಾವಣಗೆರೆಯ ಕಾಲೇಜೊಂದರಲ್ಲಿ ಕೆಲವು ವರ್ಷ ಪಾಠ ಹೇಳಿ, ಅದು ಸಾಕೆನಿಸಿ ಊರಿಗೆ ಬಂದು ಅಪ್ಪನ ಶೇಂಗಾ ಗೋದಾಮಿನಲ್ಲಿ ಅರ್ಧ ಭಾಗ ಕೇಳಿದ. ಅಪ್ಪ ಕೊಟ್ಟರು. ಕೊಡುವಾಗ ಏನು ಮಾಡುತ್ತೀಯೆಂದು ಕೇಳಲಿಲ್ಲ, ಯಂತ್ರ ಬರುತ್ತದೋ ಇಲ್ಲವೋ ಎಂದಷ್ಟೇ ಕೇಳಿದರು. ಯಂತ್ರವಿಲ್ಲದ ಕಸುಬಿನ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ.

ಯಂತ್ರ ಬಂತು. ಉಕ್ಕಿನ ದೊಡ್ಡ ಹಂಡೆಯಂಥ ಪೆಟ್ಟಿಗೆ. ಒಳಗೆ ಬೆರಳಗಲದ ಗಾಜಿನ ಚೂರುಗಳನ್ನು ಜೋಡಿಸಿ, ಬಾಗಿಲು ಬಿಗಿದು, ಗಾಳಿಯನ್ನೆಲ್ಲ ಪಂಪಿನಿಂದ ಎಳೆದು, ಚಿನ್ನವನ್ನು ಕಾಯಿಸಿ ಆವಿ ಮಾಡಿದರೆ ಆ ಆವಿ ಗಾಜಿನ ಮೇಲೆ ಕೂರುತ್ತದೆ. ಕೂತ ಪದರದ ದಪ್ಪ ತಲೆಗೂದಲನ್ನು ಸಾವಿರ ಪಾಲು ಸೀಳಿದರೆ ಒಂದು ಪಾಲಿನಷ್ಟು. ಚಿನ್ನ ಬರಿ ಗಾಜಿಗೆ ಅಂಟುವುದಿಲ್ಲ, ಅದಕ್ಕೆ ಅಡಿಯಲ್ಲಿ ಕ್ರೋಮಿಯಂನ ಇನ್ನೂ ತೆಳುವಾದ ಪದರ ಬೇಕು. ಇಂಥ ಗಾಜಿನ ಮೇಲೆ ಬೆಳಕು ಬಿಟ್ಟು, ಅದು ಮರಳುವ ರೀತಿ ನೋಡಿ, ಎಣ್ಣೆಯಲ್ಲಿ ಕಲಬೆರಕೆ ಇದೆಯೇ ಎಂದು ಹೇಳುವ ಸೆನ್ಸರನ್ನು ಕುದಾಪುರದ ಕಡೆಯ ಒಂದು ಪ್ರಯೋಗಾಲಯ ತಯಾರಿಸುತ್ತಿತ್ತು. ಗಾಜು ಒದಗಿಸುವ ಕೆಲಸ ಅಮರೇಶನಿಗೆ ಸಿಕ್ಕಿತು. ಸೆನ್ಸರಿನ ಉದ್ದೇಶ ತಿಳಿದ ಮೇಲೆ ಬೀದಿಯ ಕೆಲವು ಮಿಲ್ಲಿನವರು ಚಿಕ್ಕಬಸಪ್ಪನವರ ಅಂಗಳಕ್ಕೆ ಚಹಾ ಕುಡಿಯಲು ಬರುವುದು ಕಡಿಮೆಯಾಯಿತು. ಅದರಿಂದ ಚಿಕ್ಕಬಸಪ್ಪನವರಿಗೆ ಸಂತೋಷವೇ ಆಯಿತು. ಯಾರು ಬರುತ್ತಿಲ್ಲವೆಂಬುದನ್ನು ಅವರು ಗಮನವಿಟ್ಟು ನೋಡುತ್ತಿದ್ದರು.

ಕಷ್ಟ ಶುರುವಾದದ್ದು ಪರೀಕ್ಷೆಯಲ್ಲಿ. ಪರೀಕ್ಷೆ ಬಹಳ ಸರಳ. ಅಂಟುಪಟ್ಟಿಯನ್ನು ಲೇಪದ ಮೇಲೆ ಒತ್ತಿ, ಒಂದೇ ಎಳೆತಕ್ಕೆ ಕಿತ್ತು ನೋಡಬೇಕು. ಚಿನ್ನ ಗಾಜಿನಲ್ಲೇ ಉಳಿದರೆ ಪಾಸು. ಪ್ರಯೋಗಾಲಯದ ವಿಜ್ಞಾನಿ ಪವಿತ್ರ ಪಟ್ಟಿ ಎಳೆದಾಗ ಮೊದಲ ಕಂತಿನ ಚಿನ್ನ ಪಟ್ಟಿಯ ಜೊತೆಗೇ ಎದ್ದು ಬಂತು. ಎರಡನೆಯ ಕಂತಿನದು ಇನ್ನೂ ಚೆನ್ನಾಗಿ ಎದ್ದು ಬಂತು. ಪವಿತ್ರ ಗಡಸು ಮನುಷ್ಯರಲ್ಲ, ಇನ್ನೊಂದು ಅವಕಾಶ ಕೊಟ್ಟರು. ಮುಂದಿನ ಕಂತೂ ಕಿತ್ತುಬಂದರೆ ಕೆಲಸ ಬೇರೆಯವರಿಗೆ ಹೋಗುತ್ತದೆಂದು ಮೆತ್ತಗೆ ಹೇಳಿದರು. ಹೋದರೆ ಗೋದಾಮಿಗೆ ಮತ್ತೆ ಶೇಂಗಾ ಚೀಲ ತುಂಬುತ್ತವೆ, ಅಮರೇಶ ಅವನ್ನು ಎಣಿಸುತ್ತ ಕೂರಬೇಕಾಗುತ್ತದೆ. ಚಿಕ್ಕಪ್ಪನ ಮಕ್ಕಳು ಆಗಲೇ ಬಂದು ಗೋಡೆಯಿಂದ ಗೋಡೆಗೆ ಹೆಜ್ಜೆ ಹಾಕಿ ಅಳೆದುಕೊಂಡು ಹೋಗಿದ್ದರು.

ಅಮರೇಶ ಓದಿದವರು ಮಾಡುವುದನ್ನೆಲ್ಲ ಮಾಡಿದ. ಗಾಳಿ ಸೋಸುವ ಯಂತ್ರ ತರಿಸಿದ. ಗೋಡೆಗೆ ಧೂಳು ಹಿಡಿಯದ ಬಣ್ಣ ಹೊಡೆಸಿದ. ಗಾಜು ತೊಳೆಯುವ ವನಜಾಕ್ಷಿಗೆ ಬಿಳಿ ನಿಲುವಂಗಿ, ಟೋಪಿ, ಮುಖಗವಸು, ಕೈಗವಸು ಕೊಡಿಸಿದ. ಅವಳು ಮೊಳಕಾಲ್ಮೂರಿನ ನೇಕಾರರ ಮನೆಯವಳು, ರೇಷ್ಮೆ ಎಳೆ ಹಿಡಿದು ಅಭ್ಯಾಸವಾದ ಕೈಯಿಂದ ಒಂದು ಗಾಜೂ ಜಾರಿರಲಿಲ್ಲ. ಕಡೆಗೆ ಬೆಂಗಳೂರಿನಿಂದ ಸಲಹೆಗಾರರೊಬ್ಬರು ಬಂದರು. ಅವರು ಪಂಪಿನ ಸದ್ದಿಗೆ ಕಿವಿಗೊಟ್ಟು, ಚಳ್ಳಕೆರೆಯ ಗಾಳಿಯಲ್ಲೇ ದೋಷವಿದೆ, ಇನ್ನೊಂದು ಸೋಸುಯಂತ್ರ ಬೇಕು ಎಂದರು. ಬಂದಾಗ ಯಂತ್ರದ ಪಕ್ಕದ ಗೂಡಿನಲ್ಲಿದ್ದ ದೀಪಕ್ಕೆ ಕೈಮುಗಿದಿದ್ದರು, ಹೊರಡುವಾಗ ಇನ್ನೊಮ್ಮೆ ಮುಗಿದರು.

ಆ ದೀಪ ಚಿಕ್ಕಬಸಪ್ಪನವರದು. ಆ ಮನೆಗೆ ಬಂದ ಯಾವ ಯಂತ್ರವೂ ದೀಪವಿಲ್ಲದೆ ತಿರುಗಿದ್ದಿಲ್ಲ. ಅವರು ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ತಮ್ಮದೇ ಮಿಲ್ಲಿನ ಶೇಂಗಾ ಎಣ್ಣೆ ಹಾಕಿ ಬತ್ತಿ ಹೊತ್ತಿಸುತ್ತಿದ್ದರು. ಗಾಜಿನ ತಟ್ಟೆ ಯಂತ್ರದೊಳಗೆ ಹೋಗುವ ಮುಂಚೆ ದೀಪಕ್ಕೆ ಒಮ್ಮೆ ತೋರಿಸಬೇಕೆಂಬುದು ಅವರ ಕಟ್ಟಳೆ. ವನಜಾಕ್ಷಿ ತಪ್ಪದೆ ತೋರಿಸುತ್ತಿದ್ದಳು. ತಟ್ಟೆ ಕೆಳಗಿಟ್ಟು, ಕೈಗವಸಿನ ಕೈಯನ್ನೇ ಕುಡಿಯ ಮೇಲೆ ಆಡಿಸಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಆಮೇಲೆ ಅದೇ ಕೈಯಿಂದ ಗಾಜು ಜೋಡಿಸುತ್ತಿದ್ದಳು. ಅಮರೇಶನೂ ಹಾಗೇ ಮಾಡುತ್ತಿದ್ದ. ಒಮ್ಮೆ ನೋಡಲು ಬಂದ ಪವಿತ್ರ ಕೂಡ, ನಿಲುವಂಗಿ ತೊಟ್ಟು, ಕೂದಲು ಟೋಪಿಯೊಳಗೆ ತೂರಿಸಿ, ಬಹಳ ಶ್ರದ್ಧೆಯಿಂದ ಹಾಗೇ ಮಾಡಿದ್ದರು. ಧೂಳಿನ ಮೂಲಗಳನ್ನು ಹುಡುಕಲು ಬಂದವರೆಲ್ಲ ದೀಪವನ್ನು ನೋಡಿದ್ದರು. ಕೈಮುಗಿದ ಮೇಲೆ ಅದು ಲೆಕ್ಕಕ್ಕೆ ಬರುತ್ತಿರಲಿಲ್ಲ.

ಕೊನೆಯ ಕಂತಿಗೆ ಮೊದಲು ಅಮರೇಶ ಕಾಲೇಜಿನಲ್ಲಿ ತಾನೇ ಹೇಳಿಕೊಡುತ್ತಿದ್ದ ಒಂದು ಪರೀಕ್ಷೆಯನ್ನು ಹಂತಹಂತಕ್ಕೂ ಮಾಡಿದ. ಶುದ್ಧವಾದ ಗಾಜಿನ ಮೇಲೆ ನೀರು ಬಿಟ್ಟರೆ ಒಂದೇ ಪೊರೆಯಾಗಿ ಹರಡುತ್ತದೆ, ಜಿಡ್ಡಿದ್ದರೆ ಹನಿಹನಿಯಾಗಿ ಒಡೆಯುತ್ತದೆ. ತೊಳೆದ ಗಾಜಿನ ಮೇಲೆ ನೀರು ಪೊರೆಯಾಗಿ ನಿಂತಿತು. ಒಣಗಿಸಿದ ಮೇಲೂ ನಿಂತಿತು. ಯಂತ್ರದ ಬಾಗಿಲಿಗೆ ಬಂದ ಗಾಜಿನ ಮೇಲೆ ಕೆಸುವಿನೆಲೆಯ ಮೇಲಿನಂತೆ ಉರುಳಿತು. ಒಣಗಿಸುವ ಮೇಜಿಗೂ ಯಂತ್ರದ ಬಾಗಿಲಿಗೂ ನಡುವೆ ಇದ್ದದ್ದು ಗೂಡು ಒಂದೇ. ಅಮರೇಶ ಅಲ್ಲೇ ಸ್ಟೂಲೆಳೆದು ಕೂತ. ಕಾರಣ ಸಿಕ್ಕಿತ್ತು, ಆದರೆ ಅದನ್ನು ಅಪ್ಪನಿಗೆ ಹೇಳುವ ಬದಲು ಚಳ್ಳಕೆರೆಯ ಗಾಳಿಯನ್ನೇ ಬದಲಾಯಿಸುವುದು ಸುಲಭ ಎನಿಸಿತು.

ಮರುದಿನ ಅಪ್ಪನನ್ನು ಕರೆದು ಎರಡು ಗಾಜಿನ ಮೇಲೂ ನೀರು ಬಿಟ್ಟು ತೋರಿಸಿದ. ದೀಪದ ಎಣ್ಣೆ ಗಾಜಿಗೆ ಕೂರುತ್ತಿದೆ, ಅದಕ್ಕೇ ಚಿನ್ನ ಏಳುತ್ತಿದೆ ಎಂದ. ಚಿಕ್ಕಬಸಪ್ಪನವರು ಬಹಳ ಹೊತ್ತು ಹನಿಗಳನ್ನೇ ನೋಡಿದರು.

"ಲೇ ಅಮರ, ಇದು ನಮ್ಮ ಮಿಲ್ಲಿನ ಎಣ್ಣೆ ಕಣೋ," ಎಂದರು. "ಒಂದು ತೊಟ್ಟು ಬೆರಕೆ ಇಲ್ಲ ಇದ್ರಾಗೆ."

"ಬೆರಕೆ ಐತೆ ಅಂತ ಯಾರಂದ್ರು ಅಪ್ಪಾಜಿ? ಶುದ್ಧವಾಗೇ ಐತೆ. ಶುದ್ಧ ಆದ್ರೂ ಎಣ್ಣೆ ಅಲ್ವಾ?"

ಈ ಮಾತು ಚಿಕ್ಕಬಸಪ್ಪನವರಿಗೆ ಹಿಡಿಸಲಿಲ್ಲ. ಆ ಬೀದಿಯಲ್ಲಿ ಅವರ ಎಣ್ಣೆಯ ಬಗ್ಗೆ ಇಂಥ ಮಾತನ್ನು ಯಾರೂ ಆಡಿರಲಿಲ್ಲ, ಈಗ ಆಡಿದವನು ಮಗ. ಅಂದು ಅವರು ಮಗನ ಜೊತೆ ಊಟಕ್ಕೆ ಕೂರಲಿಲ್ಲ. ಮಾರನೆಯ ದಿನವೂ ಕೂರಲಿಲ್ಲ. ಅಮರೇಶನ ತಾಯಿ ಸುಲೋಚನಮ್ಮ ಇಬ್ಬರಿಗೂ ಬೇರೆಬೇರೆ ಬಡಿಸುತ್ತ, ಇವರಿಗೆ ಅವನ ಸುದ್ದಿ, ಅವನಿಗೆ ಇವರ ಸುದ್ದಿ ಹೇಳಿದರು. ಅಮರೇಶ ಯಂತ್ರ ಮುಟ್ಟಲಿಲ್ಲ. ದೀಪವನ್ನು ತಾನೇ ಎತ್ತಿ ಹೊರಗಿಡಬಹುದಿತ್ತು. ಎರಡು ಸಲ ಗೂಡಿನವರೆಗೆ ಹೋಗಿ, ಬತ್ತಿ ಸರಿಮಾಡಿ ವಾಪಸು ಬಂದ.

ಆಮೇಲೆ ಒಂದು ಬೆಳಿಗ್ಗೆ ಚಿಕ್ಕಬಸಪ್ಪನವರು ಗಾರೆ ಮೇಸ್ತ್ರಿಯನ್ನು ಕರೆತಂದು, ಯಂತ್ರದ ಎದುರಿನ ಗೋಡೆಯನ್ನು ಒಡೆಸತೊಡಗಿದರು. ಧೂಳೆದ್ದಿತು. ಅಮರೇಶ ಓಡಿಬಂದು ಯಂತ್ರಕ್ಕೆ ಪ್ಲಾಸ್ಟಿಕ್ ಹೊದಿಸಿದ.

"ದೀಪಕ್ಕೆ ಯಂತ್ರ ಕಾಣಬೇಕು, ಯಂತ್ರಕ್ಕೆ ದೀಪ ಕಾಣಬೇಕು," ಎಂದರು ಅಪ್ಪ, ಮಗನ ಕಡೆ ತಿರುಗದೆ. "ನಡುವೆ ಗಾಜು ಹಾಕ್ಸು. ಗಾಜು ನಿಂದು, ದೀಪ ನಂದು."

ಒಡೆದ ಕಂಡಿಗೆ ಕಿಟಕಿಯ ಚೌಕಟ್ಟಿಟ್ಟು, ತೆರೆಯಲು ಬಾರದಂತೆ ಗಾಜು ಕೂರಿಸಿದರು. ದೀಪ ಅಂಗಳದ ಬದಿಗೆ ಹೋಯಿತು. ವನಜಾಕ್ಷಿ ತಟ್ಟೆಯನ್ನು ಕಿಟಕಿಗೆ ತೋರಿಸಿ, ಕೈಗವಸಿನ ಕೈಯನ್ನು ಹಾಗೇ ಕೆಳಗಿಳಿಸುವುದನ್ನು ರೂಢಿಸಿಕೊಂಡಳು.

ಕೊನೆಯ ಕಂತಿನ ಪರೀಕ್ಷೆಗೆ ಪವಿತ್ರ ಗೋದಾಮಿಗೇ ಬಂದರು. ಚಿಕ್ಕಬಸಪ್ಪನವರು ಕುರ್ಚಿ ಹಾಕಿಸಿಕೊಂಡು ಎದುರಿಗೇ ಕೂತಿದ್ದರು. ಮೊದಲ ಪಟ್ಟಿ ಬರಿದೇ ಬಂತು. ಪವಿತ್ರ ಅದನ್ನು ಬೆಳಕಿಗೆ ಹಿಡಿದರು, ಏನೂ ಇರಲಿಲ್ಲ. ತಟ್ಟೆಯ ನಾನಾ ಮೂಲೆಗಳಿಂದ ಗಾಜು ಆರಿಸಿ ಎಳೆದರು. ಚಿನ್ನ ಕದಲಲಿಲ್ಲ. ಏನು ಬದಲಾಯಿಸಿದಿರಿ, ವರದಿಯಲ್ಲಿ ಬರೆಯಬೇಕಲ್ಲ ಎಂದು ಕೇಳಿದರು. ಅಮರೇಶ ಅಪ್ಪನ ಮುಖ ನೋಡಿದ. ಕೆಲಸದ ಜಾಗದಲ್ಲಿದ್ದ ಆವಿಯ ಮೂಲವೊಂದನ್ನು ಸ್ಥಳಾಂತರಿಸಲಾಗಿದೆ ಎಂದು ಬರೆದುಕೊಳ್ಳಿ ಮೇಡಮ್, ಎಂದ. ಪವಿತ್ರ ಒಮ್ಮೆ ಕಿಟಕಿಯ ಆಚೆಗಿನ ದೀಪದ ಕುಡಿಯನ್ನು ನೋಡಿ, ಹಾಗೇ ಬರೆದುಕೊಂಡರು. ಕೆಲಸ ಅಮರೇಶನಲ್ಲೇ ಉಳಿಯಿತು.

ಬೆಂಗಳೂರಿನ ಸಲಹೆಗಾರರು ಇದೆಲ್ಲ ಸೋಸುಯಂತ್ರದ ಫಲವೆಂದು ಫೋನಿನಲ್ಲಿ ಅಭಿನಂದಿಸಿದರು. ಬೀದಿಯಲ್ಲಿ ಮಾತ್ರ ಬೇರೆ ಕಥೆ ಹಬ್ಬಿತು. ಅದನ್ನು ಹಬ್ಬಿಸಿದವರು ಚಿಕ್ಕಬಸಪ್ಪನವರೇ: ದೀಪ ಇದ್ದ ದಿಕ್ಕು ಯಂತ್ರಕ್ಕೆ ಒಗ್ಗಿರಲಿಲ್ಲ, ತಾವು ಗೋಡೆ ಒಡೆಸಿ ದಿಕ್ಕು ಸರಿಮಾಡಿದ ದಿನದಿಂದ ಚಿನ್ನ ನಿಂತಿದೆ. ಬಿಟ್ಟುಹೋಗಿದ್ದ ಮಿಲ್ಲಿನವರು ಒಬ್ಬೊಬ್ಬರಾಗಿ ಚಹಾಕ್ಕೆ ಮರಳಿದರು. ಎದುರು ಮಿಲ್ಲಿನ ದೊಡ್ಡಪಾಲಯ್ಯ ಒಂದು ಸಂಜೆ ಅಮರೇಶನನ್ನೇ ನಿಲ್ಲಿಸಿ ಕೇಳಿದರು.

"ಓದಿದೋನು ನೀನು, ಹೇಳಪ್ಪ. ದೀಪ ಹೊರಗಿಟ್ರೆ ಯಂತ್ರ ಮಾತು ಕೇಳ್ತೈತಾ?"

ಅಂಗಳದ ಕುರ್ಚಿಯಲ್ಲಿ ಚಿಕ್ಕಬಸಪ್ಪನವರು ಲೋಟ ತುಟಿಗಿಟ್ಟವರು ಕುಡಿಯದೆ ಕಾಯುತ್ತಿದ್ದರು.

"ನಮ್ದಂತೂ ಕೇಳ್ತೈತೆ ನೋಡ್ರಿ," ಎಂದ ಅಮರೇಶ.

ಆ ವಾರ ದೊಡ್ಡಪಾಲಯ್ಯನವರ ಮಿಲ್ಲಿನ ಗೋಡೆಗೆ ಸುತ್ತಿಗೆ ಬಿತ್ತು. ಚಿಕ್ಕಬಸಪ್ಪನವರು ಬೀದಿ ದಾಟಿ ಹೋಗಿ, ಕಿಟಕಿ ಎಷ್ಟು ಎತ್ತರಕ್ಕೆ ಬರಬೇಕೆಂದು ಮೇಸ್ತ್ರಿಗೆ ಹೇಳಿಕೊಡುತ್ತ ನಿಂತರು. ಒಡೆದ ಗೋಡೆಯ ಧೂಳು ಈಚೆ ಬರುವುದನ್ನು ಕಂಡು ಅಮರೇಶ ಗೋದಾಮಿನ ಬಾಗಿಲೆಳೆದು, ಅದರ ಕೆಳಗಿನ ಸಂದಿಗೆ ಒದ್ದೆ ಬಟ್ಟೆ ತುರುಕಿದ.